ಮಕ್ಕಳಿಗೆ ಹೀರೋ ಬೇಡ, ಘಟನೆ ಹೇಳಿ

'ನೋಡು, ದ್ರಾವಿಡ್ ಎಷ್ಟು ಸಂಭಾವಿತರು, ನೀನೂ ಇದ್ದೀಯಾ' ಎಂಬ ಮಾತನ್ನು ಹದಿಮೂರು ದಾಟಿದ ಮಕ್ಕಳಿರುವ ಮನೆಗಳಲ್ಲಿ ಕೇಳಿರುತ್ತೀರಿ. ಹೇಳಿದವರಿಗೆ ಸಮಾಧಾನ, ಕೇಳಿದವನಿಗೆ ಕಿರಿಕಿರಿ. ಅದರಿಂದ ಆಗುವ ಲಾಭ ಅಷ್ಟೇ. ಆದರೆ ಅದೇ ಹುಡುಗ ಐಪಿಎಲ್ ತಂಡಗಳ ಹನ್ನೊಂದು ಮಂದಿಯ ಹೆಸರನ್ನೂ, ಪ್ರೊ ಕಬಡ್ಡಿ ರೇಡರ್‌ಗಳ ಪಾಯಿಂಟುಗಳನ್ನೂ ಬಾಯಿಪಾಠ ಒಪ್ಪಿಸುತ್ತಾನೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಯಾವ ಹೈಸ್ಕೂಲಿಗೆ ಹೋದರೂ ಇದೇ ಕಥೆ. ಆ ಹುಚ್ಚನ್ನೇ ಹಿಡಿದುಕೊಂಡು ನಡತೆಯ ಬಗ್ಗೆ ಮಾತಾಡಬಹುದು. ಹೇಗೆಂದು ಪೋಷಕರಿಗೆ, ದೈಹಿಕ ಶಿಕ್ಷಕರಿಗೆ, ಊರಿನ ಯುವಕ ಸಂಘದವರಿಗೆ ಇಲ್ಲಿ ಹೇಳಿದೆ.

1. ವ್ಯಕ್ತಿಯನ್ನು ಬಿಡಿ, ಒಂದು ಘಟನೆ ಆರಿಸಿ

ಆಟಗಾರರೊಬ್ಬರನ್ನು ಪೂರ್ತಿ ಆದರ್ಶವೆಂದು ನಿಲ್ಲಿಸಿದರೆ, ಅವರು ತಪ್ಪು ಮಾಡಿದ ದಿನ ನಿಮ್ಮ ಪಾಠವೂ ಬಿದ್ದುಹೋಗುತ್ತದೆ. ಅದರ ಬದಲು ಅವರು ಒಂದು ಕ್ಷಣದಲ್ಲಿ ತೆಗೆದುಕೊಂಡ ಒಂದು ನಿರ್ಧಾರವನ್ನು ಮಾತ್ರ ಮುಂದಿಡಿ. ವಾರಕ್ಕೊಂದು ಘಟನೆ, ಹತ್ತು ನಿಮಿಷ ಸಾಕು. ಡೇರಿಗೆ ಹಾಲು ಹಾಕಿ ಬರುವಾಗಲೋ, ಊಟಕ್ಕೆ ಕೂತಾಗಲೋ ಆದೀತು. ರೇಷ್ಮೆ ಮನೆಯವರು ಹುಳ ಹಣ್ಣಾಗುವ ವಾರ ಈ ಗೋಜಿಗೆ ಹೋಗಬೇಡಿ. ಚಂದ್ರಿಕೆ ಹಾಕುವ ಗಡಿಬಿಡಿಯಲ್ಲಿ ನೀತಿಪಾಠ ಬೈಗುಳವಾಗಿ ಹೊರಬರುತ್ತದೆ.

2. ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ ಕೇಳಿ

ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಅವರಿಂದ ಶುರು ಮಾಡುವುದು ಒಳ್ಳೆಯದು. 1980ರ ಫೆಬ್ರುವರಿ, ಬಾಂಬೆಯ ವಾಂಖೆಡೆಯಲ್ಲಿ ಇಂಗ್ಲೆಂಡ್ ವಿರುದ್ಧ ಸುವರ್ಣ ಮಹೋತ್ಸವದ ಟೆಸ್ಟ್. ವಿಶ್ವನಾಥ್ ನಾಯಕ. ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡು ತತ್ತರಿಸಿದೆ. ಆಮೇಲೆ ಬಾಬ್ ಟೇಲರ್ ವಿಕೆಟ್ ಕೀಪರಿಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಬೆರಳೆತ್ತಿದರು. ಸ್ಲಿಪ್ಪಿನಲ್ಲಿದ್ದ ವಿಶ್ವನಾಥ್ ಅವರಿಗೆ ಚೆಂಡು ಬ್ಯಾಟಿಗೆ ತಾಗಿಲ್ಲ ಎಂಬುದು ಖಾತ್ರಿ.

ಇಲ್ಲಿ ನಿಲ್ಲಿಸಿ. 'ನೀನು ಕ್ಯಾಪ್ಟನ್ ಆಗಿದ್ದರೆ ಏನು ಮಾಡ್ತಿದ್ದೆ?' ಎಂದು ಕೇಳಿ. 'ಅಂಪೈರೇ ಔಟ್ ಕೊಟ್ಟ ಮೇಲೆ ನಮಗೇನು' ಎಂಬ ಉತ್ತರ ಬಂದರೆ ಮುಖ ಸಿಂಡರಿಸಬೇಡಿ. ಅದು ಪ್ರಾಮಾಣಿಕ ಉತ್ತರ, ಮಾತು ಅಲ್ಲಿಂದಲೇ ಮುಂದುವರಿಯಬೇಕು. ಆಮೇಲೆ ಉಳಿದದ್ದು ಹೇಳಿ: ವಿಶ್ವನಾಥ್ ಟೇಲರ್ ಅವರನ್ನು ವಾಪಸ್ ಕರೆದು ಆಡಿಸಿದರು. ಟೇಲರ್ 43 ರನ್ ಹೊಡೆದರು, ಇಯಾನ್ ಬೋಥಮ್ ಜೊತೆ 171 ರನ್ ಸೇರಿಸಿದರು, ಭಾರತ 10 ವಿಕೆಟ್‌ಗಳಿಂದ ಸೋತಿತು.

ಈ ಸೋಲನ್ನು ಮುಚ್ಚಿಡಬೇಡಿ. ಒಳ್ಳೆಯದು ಮಾಡಿದವರೇ ಕೊನೆಗೆ ಗೆಲ್ಲುತ್ತಾರೆ ಎಂಬುದನ್ನು ಹದಿಹರೆಯದವರು ನಂಬುವುದಿಲ್ಲ, ಸುತ್ತಮುತ್ತ ಬೇರೆಯದೇ ನೋಡಿರುತ್ತಾರೆ. ಬೆಲೆ ತೆತ್ತದ್ದನ್ನೂ ಸೇರಿಸಿ ಹೇಳಿದರೆ ಮಾತ್ರ ಕಥೆಗೆ ತೂಕ.

3. ನಿಮಗೂ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನೂ ಇಡಿ

1999ರ ಫೆಬ್ರುವರಿ 7, ದೆಹಲಿಯ ಫಿರೋಜ್ ಷಾ ಕೋಟ್ಲಾ. ಪಾಕಿಸ್ತಾನದ ಎರಡನೇ ಇನ್ನಿಂಗ್ಸಿನಲ್ಲಿ ಬಿದ್ದ ಒಂಬತ್ತೂ ವಿಕೆಟ್ ಅನಿಲ್ ಕುಂಬ್ಳೆಯವರದು. ಉಳಿದದ್ದು ಒಂದೇ. ಇನ್ನೊಂದು ತುದಿಯಿಂದ ಚೆಂಡು ಹಿಡಿದವರು ಮೈಸೂರಿನ ಜಾವಗಲ್ ಶ್ರೀನಾಥ್. ಅವರು ಬೇಕೆಂದೇ ಆಫ್ ಸ್ಟಂಪಿನಾಚೆ ದೂರಕ್ಕೆ ಚೆಂಡೆಸೆಯುತ್ತಾ ತಮ್ಮ ಓವರ್ ಮುಗಿಸಿದರು. ಕುಂಬ್ಳೆ ಮತ್ತೆ ಬಂದು ವಾಸಿಂ ಅಕ್ರಂ ಅವರನ್ನು ಔಟ್ ಮಾಡಿದರು: 74 ರನ್ನಿಗೆ 10 ವಿಕೆಟ್.

ಶ್ರೀನಾಥ್ ಮಾಡಿದ್ದು ಗೆಳೆಯನಿಗಾಗಿ ತೋರಿದ ದೊಡ್ಡತನವೇ? ವಿಕೆಟ್ ಪಡೆಯಲು ಪ್ರಯತ್ನಿಸದೆ ಬೌಲ್ ಮಾಡುವುದು ಆಟಕ್ಕೆ ಮಾಡಿದ ಮೋಸವಾಗುವುದಿಲ್ಲವೇ? ಭಾರತ ಗೆದ್ದದ್ದು 212 ರನ್ನಿನಿಂದ, ಅಂದರೆ ಪಂದ್ಯ ಕೈಬಿಡುವ ಭಯವಿರಲಿಲ್ಲ. ಎರಡೇ ರನ್ ಅಂತರವಿದ್ದರೆ? ಇದಕ್ಕೆ ತೀರ್ಪು ಕೊಡಬೇಡಿ. ತರಗತಿಯಲ್ಲಾದರೆ ಎರಡು ಗುಂಪು ಮಾಡಿ, ಅರ್ಧ ಹೊತ್ತಿಗೆ ಪಕ್ಷ ಅದಲುಬದಲು ಮಾಡಿಸಿ. ನನ್ನ ಮಟ್ಟಿಗೆ ಶ್ರೀನಾಥ್ ಮಾಡಿದ್ದು ಸರಿ. ಆದರೆ ಅದನ್ನು ಮಕ್ಕಳ ಮುಂದೆ ಮೊದಲೇ ಹೇಳಿದರೆ ಚರ್ಚೆ ಸತ್ತಂತೆ.

4. ಎಡವಿದ್ದನ್ನೂ ಹೇಳಿ

2004ರ ಜನವರಿಯಲ್ಲಿ ಬ್ರಿಸ್ಬೇನಿನ ಜಿಂಬಾಬ್ವೆ ಪಂದ್ಯದಲ್ಲಿ ಬಾಯಲ್ಲಿದ್ದ ಕೆಮ್ಮಿನ ಗುಳಿಗೆಯ ಅಂಟನ್ನು ಚೆಂಡಿಗೆ ಹಚ್ಚಿದ್ದಕ್ಕೆ ದ್ರಾವಿಡ್ ಅವರಿಗೇ ಪಂದ್ಯದ ಶುಲ್ಕದ ಅರ್ಧದಷ್ಟು ದಂಡ ಬಿದ್ದಿತ್ತು. 2019ರಲ್ಲಿ ಟೀವಿ ಕಾರ್ಯಕ್ರಮವೊಂದರಲ್ಲಿ ಹೆಣ್ಣುಮಕ್ಕಳ ಬಗ್ಗೆ ಆಡಿದ ಹಗುರ ಮಾತುಗಳ ಪ್ರಕರಣದಲ್ಲಿ ಹಾರ್ದಿಕ್ ಪಾಂಡ್ಯ ಜೊತೆ ನಮ್ಮ ಕೆ.ಎಲ್. ರಾಹುಲ್ ಕೂಡ ಅಮಾನತಾಗಿ ಆಸ್ಟ್ರೇಲಿಯಾದಿಂದ ಮನೆಗೆ ಮರಳಬೇಕಾಯಿತು. ಆಮೇಲೆ ಇಬ್ಬರಿಗೂ ತಲಾ 20 ಲಕ್ಷ ರೂಪಾಯಿ ದಂಡ. ಅದರಲ್ಲಿ 10 ಲಕ್ಷ ಹುತಾತ್ಮ ಅರೆಸೇನಾ ಯೋಧರ ಕುಟುಂಬಗಳಿಗೆ, 10 ಲಕ್ಷ ಅಂಧರ ಕ್ರಿಕೆಟ್ಟಿಗೆ ಎಂದು ಆದೇಶವಾಯಿತು. ರಾಹುಲ್ ಮತ್ತೆ ತಂಡಕ್ಕೆ ಬಂದರು, ಆಡಿದರು.

ಹುಡುಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ಏನೇನು ಹರಿದಾಡುತ್ತದೆಂದು ಗೊತ್ತಿರುವ ತಂದೆತಾಯಿಗೆ ಈ ಎರಡನೆಯ ಘಟನೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ತಪ್ಪು, ಶಿಕ್ಷೆ, ವಾಪಸಾತಿ, ಮೂರನ್ನೂ ಹೇಳಿ. ಶಿಕ್ಷೆಗೇ ನಿಲ್ಲಿಸಿದರೆ ಅದು ಬೆದರಿಕೆಯಾಗುತ್ತದೆ.

5. ದುಡ್ಡಿನ ವಿಷಯ ಬಿಚ್ಚಿ ಮಾತಾಡಿ

ಈ ಪ್ರಾಯದವರಿಗೆ ಆಟಗಾರ ಎಂದರೆ ಕಾರು, ಶೂ, ಹರಾಜಿನ ಮೊತ್ತ. ಅಲ್ಲಿಂದಲೇ ಹಿಡಿಯಿರಿ. 2018ರಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದಾಗ ಕೋಚ್ ದ್ರಾವಿಡ್ ಅವರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಎಂದು ಬಿಸಿಸಿಐ ಪ್ರಕಟಿಸಿತು. ಈ ತಾರತಮ್ಯ ಬೇಡವೆಂದರು ದ್ರಾವಿಡ್. ಕೊನೆಗೆ ಎಲ್ಲರಿಗೂ ತಲಾ 25 ಲಕ್ಷವಾಯಿತು, ಅವರ ಪಾಲು ಅರ್ಧಕ್ಕಿಳಿಯಿತು. ಪುಲ್ಲೇಲ ಗೋಪಿಚಂದ್ ಬೆಂಗಳೂರಿನಲ್ಲಿ ಪ್ರಕಾಶ್ ಪಡುಕೋಣೆಯವರ ಅಕಾಡೆಮಿಯಲ್ಲಿ ಪಳಗಿದವರು. 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಮೇಲೆ ಬಂದ ಕೋಲಾ ಜಾಹೀರಾತನ್ನು ಒಪ್ಪಲಿಲ್ಲ.

ಇದರ ಜೊತೆಗೆ, ಹಣ ಕಟ್ಟಿ ಆಡುವ ಆ್ಯಪ್‌ಗಳ ಜಾಹೀರಾತಿನಲ್ಲಿ ವರ್ಷಗಟ್ಟಲೆ ಕಾಣಿಸಿಕೊಂಡ ತಾರೆಯರ ಮಾತೂ ಬರಲಿ. 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ತಂದು ಅಂಥ ಆಟಗಳನ್ನು ನಿಷೇಧಿಸಿತು. ಮೈದಾನದಲ್ಲಿ ಶಿಸ್ತಿನ ಆಟಗಾರರು ಜಾಹೀರಾತಿನಲ್ಲಿ ಏನನ್ನು ಮಾರುತ್ತಿದ್ದರು ಎಂದು ಮಕ್ಕಳೇ ಪಟ್ಟಿ ಮಾಡಲಿ. ಅವರು ನಿಮಗಿಂತ ಚೆನ್ನಾಗಿ ಮಾಡುತ್ತಾರೆ.

6. ಕ್ರಿಕೆಟ್ಟಿನಾಚೆಗೂ ನೋಡಿ

2025ರ ಜನವರಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ಪಿನ ಮಹಿಳಾ ಫೈನಲ್‌ನಲ್ಲಿ ಭಾರತ ನೇಪಾಳವನ್ನು 78-40ರಿಂದ ಸೋಲಿಸಿತು. ಆ ತಂಡದಲ್ಲಿ ಮಿಂಚಿದ ಬಿ. ಚೈತ್ರಾ ಮೈಸೂರು ಜಿಲ್ಲೆಯ ಕುರುಬೂರಿನವರು. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದರು. ಪ್ಯಾರಾ ಅಥ್ಲೀಟ್ ಮಾಲತಿ ಹೊಳ್ಳ ಪೋಲಿಯೊ ಮೆಟ್ಟಿ ಆಡಿ, ಆಮೇಲೆ ಅಂಗವಿಕಲ ಮಕ್ಕಳಿಗಾಗಿ ಮಾತೃ ಫೌಂಡೇಶನ್ ಕಟ್ಟಿದರು. ತರಗತಿಯ ಹೆಣ್ಣುಮಕ್ಕಳು ಈ ಹೆಸರುಗಳನ್ನು ಕೇಳಿದ್ದಾರೆಯೇ ಎಂದು ಒಮ್ಮೆ ವಿಚಾರಿಸಿ ನೋಡಿ.

7. ನಮ್ಮೂರ ಅಂಕಣಕ್ಕೆ ತನ್ನಿ

ಇಲ್ಲಿಯವರೆಗಿನದು ಬರೀ ಮಾತು. ಪ್ರೊ ಕಬಡ್ಡಿಯಲ್ಲಿ ವಿಡಿಯೊ ರಿವ್ಯೂ ಇದೆ. ಹಸಿರು ಕಾರ್ಡ್ ತೋರಿಸಿದರೆ ಎಚ್ಚರಿಕೆ, ಹಳದಿಗೆ ಎರಡು ನಿಮಿಷ ಹೊರಗೆ, ಕೆಂಪಿಗೆ ಪಂದ್ಯವೇ ಮುಗಿಯಿತು. ನಮ್ಮೂರ ಹೊನಲು ಬೆಳಕಿನ ಟೂರ್ನಿಯಲ್ಲಿ ಕ್ಯಾಮೆರಾ ಇರುವುದಿಲ್ಲ. ರೇಡರ್ ಬೆರಳು ತಾಗಿದ್ದು ಹಲವು ಸಲ ತಾಗಿಸಿಕೊಂಡವನಿಗೆ ಮಾತ್ರ ಗೊತ್ತು. 'ರೆಫ್ರಿ ನೋಡ್ಲಿಲ್ಲ ಬಿಡು' ಎನ್ನುವುದು ವಾಡಿಕೆ. ಅಭ್ಯಾಸದ ಆಟದಲ್ಲಿ ಒಂದು ವಾರ ರೆಫ್ರಿಯೇ ಇಲ್ಲದೆ ಆಡಿಸಿ: ತಾಗಿದವನೇ ಕೈಯೆತ್ತಿ ಹೊರಗೆ ಹೋಗಬೇಕು. ಮೊದಲೆರಡು ದಿನ ಜಗಳವಾಗುತ್ತದೆ, ಆಗಲಿ. ವಾರದ ಕೊನೆಗೆ ಯಾರು ತಾನಾಗಿ ಕೈಯೆತ್ತಿದರು ಎಂದು ಆಟಗಾರರೇ ಹೆಸರಿಸಲಿ, ಮೇಷ್ಟ್ರು ಸುಮ್ಮನಿರಲಿ.

ಇನ್ನು ದೊಡ್ಡವರ ಸರದಿ. ಹೋಬಳಿ, ತಾಲೂಕು ಕ್ರೀಡಾಕೂಟ ಬಂದಾಗ ವಯಸ್ಸು ಮರೆಮಾಚಿ ಮಕ್ಕಳನ್ನು ಇಳಿಸುವ ಚಾಳಿ ನಮ್ಮಲ್ಲಿ ಇಲ್ಲವೆಂದು ಯಾರೂ ಎದೆ ತಟ್ಟಿ ಹೇಳಲಾರರು. 2015ರ ಡಿಸೆಂಬರಿನಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಕೊಟ್ಟ ದ್ರಾವಿಡ್ ಎತ್ತಿದ್ದು ಇದೇ ವಿಷಯ: ತಂದೆತಾಯಿ, ಕೋಚ್‌ಗಳೇ ಸುಳ್ಳು ಜನನ ಪತ್ರ ಮಾಡಿಸುವುದನ್ನು ಕಂಡ ಮಗು ಮೋಸ ಕಲಿಯದೆ ಇನ್ನೇನು ಕಲಿತೀತು ಎಂಬುದು ಅವರ ಪ್ರಶ್ನೆ. ಅದರ ಮುಂದೆ ಮೇಲಿನ ಆರು ಹೆಜ್ಜೆಯೂ ನೀರಿನಲ್ಲಿ ಹೋಮ. ಅಂಚಿನಲ್ಲಿ ನಿಂತು ಅಂಪೈರಿಗೆ ಬೈಯುವ ಅಪ್ಪನದೂ ಇದೇ ಲೆಕ್ಕ.

ಈ ಸಲ ಪ್ರವೇಶ ಪತ್ರಕ್ಕೆ ಸಹಿ ಹಾಕುವ ಮುನ್ನ ಜನ್ಮದಿನಾಂಕದ ಕಾಲಂ ಅನ್ನು ಮಗನ ಅಥವಾ ಮಗಳ ಎದುರಿಗೇ ಗಟ್ಟಿಯಾಗಿ ಓದಿ, ಶಾಲಾ ದಾಖಲೆಯ ಜೊತೆ ತಾಳೆ ನೋಡಿ. ವಯೋಮಿತಿ ಒಂದು ದಿನ ಮೀರಿದ್ದರೂ ಆ ಮಗುವನ್ನು ಮೇಲಿನ ವಿಭಾಗದಲ್ಲೇ ಆಡಿಸಿ.