ಗೆಟ್‌ಎನ್ವ್ ಕೊಟ್ಟ ಸ್ಟ್ರಿಂಗ್ ಯಾರ ಸ್ವತ್ತು?

ಲಿನಕ್ಸ್ ಟರ್ಮಿನಲ್ ತೆರೆದು ‘ಎನ್ವ್’ ಎಂದು ಟೈಪಿಸಿ ಎಂಟರ್ ಒತ್ತಿ. ಹೋಮ್, ಪಾತ್, ಲ್ಯಾಂಗ್ ಎಂದು ಒಂದರ ಕೆಳಗೊಂದು ಸಾಲು ಇಳಿಯುತ್ತವೆ. ಎಡಕ್ಕೆ ಹೆಸರು, ನಡುವೆ ಸಮ ಚಿಹ್ನೆ, ಬಲಕ್ಕೆ ಬೆಲೆ. ಇವೇ ಎನ್ವಿರಾನ್‌ಮೆಂಟ್ ವೇರಿಯೆಬಲ್‌ಗಳು. ‘ಪರಿಸರ’ ಎಂದರೆ ಸಸಿ ನೆಡುವ ಮಾತಾದೀತು, ಹಾಗಾಗಿ ಇಲ್ಲಿ ‘ಎನ್ವ್’ ಎಂದೇ ಕರೆಯೋಣ.

1979ರ ಏಳನೇ ಆವೃತ್ತಿಯ ಯೂನಿಕ್ಸ್‌ನಲ್ಲಿ ಬಂದ ಏರ್ಪಾಡು ಇದು. ಪ್ರೋಗ್ರಾಂ ಶುರುವಾಗುವಾಗ, ಅದನ್ನು ಓಡಿಸಿದವರ ಎನ್ವ್‌ನ ನಕಲೊಂದು ಅದರ ಕೈಗೆ ಬರುತ್ತದೆ. ಬರೀ ನಕಲು. ‘ಪ್ರೋಗ್ರಾಂ ಒಳಗೆ ಪಾತ್ ಬದಲಾಯಿಸಿದೆ, ಹೊರಗೆ ಬಂದು ನೋಡಿದರೆ ಹಳೆಯದೇ ಇದೆ ಸಾರ್’ ಎಂದು ಕೇಳುವ ವಿದ್ಯಾರ್ಥಿ ಪ್ರತಿ ಬ್ಯಾಚಿನಲ್ಲೂ ಒಬ್ಬರಿರುತ್ತಾರೆ. ಮಗು ಮಾಡಿದ ತಿದ್ದುಪಡಿ ಅಪ್ಪನ ಪ್ರತಿಗೆ ಹೋಗುವುದಿಲ್ಲ.

ಸಿ ಭಾಷೆಯಲ್ಲಿ ಎನ್ವ್ ಓದುವುದು ಸುಲಭ. ಗೆಟ್‌ಎನ್ವ್ ಫಂಕ್ಷನ್ನಿಗೆ ಹೆಸರು ಕೊಟ್ಟರೆ ಬೆಲೆಯ ಪಾಯಿಂಟರ್ ಸಿಗುತ್ತದೆ. ಆ ಹೆಸರೇ ಇಲ್ಲದಿದ್ದರೆ ನಲ್. ನಲ್ ಹೌದೋ ಅಲ್ಲವೋ ನೋಡದೆ ಸೀದಾ ಸ್ಟ್ರ್‌ಕಂಪ್‌ಗೆ ದಾಟಿಸಿದರೆ ಪ್ರೋಗ್ರಾಂ ಅಲ್ಲೇ ಕುಸಿಯುತ್ತದೆ. ಹೆಸರಿದ್ದು ಬೆಲೆ ಖಾಲಿ ಇರುವುದು ಬೇರೆ, ಹೆಸರೇ ಇಲ್ಲದಿರುವುದು ಬೇರೆ, ಎರಡನ್ನೂ ಪರೀಕ್ಷಿಸಿ. ಇನ್ನು ಆ ಪಾಯಿಂಟರ್ ತೋರಿಸುವ ಸ್ಟ್ರಿಂಗ್ ನಿಮ್ಮದಲ್ಲ. ಅದರ ಮೇಲೆ ಬರೆಯಬೇಡಿ, ಫ್ರೀ ಮಾಡಬೇಡಿ. ಮುಂದೆಯೂ ಬೇಕೆನಿಸಿದರೆ ಸ್ಟ್ರ್‌ಡಪ್‌ನಿಂದ ನಿಮ್ಮದೇ ಪ್ರತಿ ಮಾಡಿಕೊಳ್ಳಿ.

ಬರೆಯಲು ಸೆಟ್‌ಎನ್ವ್ ಬಳಸಿ. ಹೆಸರು, ಬೆಲೆ, ಮೂರನೆಯದಾಗಿ ಒಂದು ಅಂಕಿ. ಅಂಕಿ 1 ಆದರೆ ಹಳೆಯ ಬೆಲೆಯ ಮೇಲೆ ಹೊಸದು ಕೂರುತ್ತದೆ. 0 ಆದರೆ, ಮೊದಲೇ ಬೆಲೆ ಇದ್ದಲ್ಲಿ ಅದನ್ನು ಮುಟ್ಟುವುದಿಲ್ಲ. ಬಳಕೆದಾರ ತಾನೇ ಇಟ್ಟುಕೊಂಡದ್ದನ್ನು ಗೌರವಿಸಿ, ಇಲ್ಲದಿದ್ದರಷ್ಟೇ ನಮ್ಮ ಡಿಫಾಲ್ಟ್ ಹಾಕಲು ಈ 0 ಬಹಳ ಅನುಕೂಲ. ಹೆಸರಿನೊಳಗೆ ಸಮ ಚಿಹ್ನೆ ನುಸುಳಿದರೆ -1 ವಾಪಸು ಬರುತ್ತದೆ. ತೆಗೆದುಹಾಕಲು ಅನ್‌ಸೆಟ್‌ಎನ್ವ್ ಇದೆ.

ಪುಟ್‌ಎನ್ವ್ ಎಂಬ ಹಳೆಯ ಫಂಕ್ಷನ್ ಕೂಡ ಇದೆ. ಅದರಿಂದ ದೂರ ಇರಿ ಎನ್ನುವುದಕ್ಕೆ ನನ್ನದೇ ಕಾರಣವಿದೆ. ಗ್ರಾಹಕರೊಬ್ಬರಿಗೆ ವರದಿ ತೆಗೆಯುವ ಪ್ರೋಗ್ರಾಂ ಬರೆಯುತ್ತಿದ್ದೆ. ಸಣ್ಣ ಫಂಕ್ಷನ್ನೊಂದರಲ್ಲಿ 64 ಅಕ್ಷರದ ಲೋಕಲ್ ಅರೇ ಮಾಡಿ, ಅದರಲ್ಲಿ ಸಮಯವಲಯ ತಿಳಿಸುವ ‘ಟಿಝಡ್=ಏಷ್ಯಾ/ಕೋಲ್ಕತಾ’ ಎಂದು ತುಂಬಿ ಪುಟ್‌ಎನ್ವ್‌ಗೆ ಕೊಟ್ಟೆ. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ. ಅವರ ಸರ್ವರ್‌ನಲ್ಲಿ ಬೆಳಿಗ್ಗೆ 10 ಗಂಟೆಯ ನಮೂದು ನಸುಕಿನ 4.30 ಎಂದು ಅಚ್ಚಾಯಿತು! ಸೆಟ್‌ಎನ್ವ್ ಸ್ಟ್ರಿಂಗನ್ನು ನಕಲು ಮಾಡಿಟ್ಟುಕೊಳ್ಳುತ್ತದೆ. ಪುಟ್‌ಎನ್ವ್ ನಾವು ಕೊಟ್ಟ ಸ್ಟ್ರಿಂಗನ್ನೇ ಪಟ್ಟಿಗೆ ಸೇರಿಸುತ್ತದೆ. ಫಂಕ್ಷನ್ ಮುಗಿಯಿತು, ಸ್ಟ್ಯಾಕಿನ ಆ ಜಾಗ ಬೇರೆಯವರ ಪಾಲಾಯಿತು, ಟಿಝಡ್ ಇದ್ದಲ್ಲಿ ಕಸ ತುಂಬಿತು. ಲೈಬ್ರರಿ ಸರ್ವರಿನ ಸ್ವಂತ ಸಮಯವನ್ನೇ, ಅಂದರೆ ಯುಟಿಸಿಯನ್ನೇ ಹಿಡಿಯಿತು. ನನ್ನ ಲ್ಯಾಪ್‌ಟಾಪು ಮೊದಲೇ ಭಾರತದ ಸಮಯದಲ್ಲಿ ಇದ್ದುದರಿಂದ ತಪ್ಪು ಅಲ್ಲಿ ಕಾಣಲೇ ಇಲ್ಲ. ಸೆಟ್‌ಎನ್ವ್‌ಗೆ ಬದಲಾಯಿಸಿದ ಒಂದು ಸಾಲಿಗೆ ಎರಡು ದಿನ ಹಿಡಿಯಿತು.

ಕನ್ನಡದಲ್ಲಿ ವಾರ, ತಿಂಗಳು ಅಚ್ಚಾಗಬೇಕೆನ್ನುವವರು ಲ್ಯಾಂಗ್‌ಗೆ ಕನ್ನಡ ಲೊಕೇಲಿನ ಹೆಸರು ಕೊಟ್ಟು ಕಾಯುತ್ತಾ ಕೂರುತ್ತಾರೆ. ಅಷ್ಟಕ್ಕೇ ಏನೂ ಆಗದು. ಪ್ರೋಗ್ರಾಂ ಸೆಟ್‌ಲೊಕೇಲ್‌ಗೆ ಖಾಲಿ ಸ್ಟ್ರಿಂಗ್ ಕೊಟ್ಟು ಕರೆದಾಗ ಮಾತ್ರ ಲೈಬ್ರರಿ ಎನ್ವ್ ಕಡೆ ನೋಡುತ್ತದೆ. ಆಗಲೂ ಮೊದಲ ಮಣೆ ಎಲ್‌ಸಿ_ಆಲ್ ಎಂಬ ವೇರಿಯೆಬಲ್‌ಗೆ, ಕೊನೆಯದು ಲ್ಯಾಂಗ್‌ಗೆ. ಎಲ್‌ಸಿ_ಆಲ್‌ನಲ್ಲಿ ಯಾರೋ ಇಂಗ್ಲಿಷ್ ಲೊಕೇಲ್ ಇಟ್ಟಿದ್ದರೆ ಲ್ಯಾಂಗ್‌ನಲ್ಲಿ ಏನಿದ್ದರೂ ‘ಸೋಮವಾರ’ ಬರುವುದಿಲ್ಲ. ಕನ್ನಡ ಲೊಕೇಲ್ ಆ ಯಂತ್ರದಲ್ಲಿ ಇದೆಯೇ ಎಂಬುದನ್ನೂ ನೋಡಿಕೊಳ್ಳಿ.

ಥ್ರೆಡ್‌ಗಳಿದ್ದರೆ ಇನ್ನೊಂದು ಎಚ್ಚರ. ಒಂದು ಥ್ರೆಡ್ ಓದುತ್ತಿರುವಾಗ ಇನ್ನೊಂದು ಸೆಟ್‌ಎನ್ವ್ ಮಾಡಿದರೆ ಪ್ರೋಗ್ರಾಂ ಕುಸಿಯುವ ಸಾಧ್ಯತೆ ದಶಕಗಳಿಂದ ಇತ್ತು. 2025ರ ಜನವರಿಯಲ್ಲಿ ಬಂದ ಗ್ನೂ ಸಿ ಲೈಬ್ರರಿಯ 2.41 ಆವೃತ್ತಿಯಲ್ಲಿ ಗೆಟ್‌ಎನ್ವ್ ಹೀಗೆ ಕುಸಿಯದಂತೆ ತಿದ್ದಿದ್ದಾರೆ. ಆದರೆ ನಿಮ್ಮ ಪ್ರೋಗ್ರಾಂ ಹಳೆಯ ಸರ್ವರಿನಲ್ಲೂ ಓಡಬೇಕಲ್ಲ! ಎಲ್ಲ ಸೆಟ್‌ಎನ್ವ್ ಕೆಲಸವನ್ನೂ ಮೇನ್ ಫಂಕ್ಷನ್ನಿನ ಮೊದಲ ಸಾಲುಗಳಲ್ಲಿ, ಥ್ರೆಡ್ ಹುಟ್ಟುವ ಮುಂಚೆಯೇ ಮುಗಿಸಿಬಿಡಿ.

ವಿಂಡೋಸ್‌ನ ಸಿ ಲೈಬ್ರರಿಯಲ್ಲಿ ಸೆಟ್‌ಎನ್ವ್ ಇಲ್ಲ. ಅದೇ ಕೆಲಸಕ್ಕೆ ಪುಟ್‌ಎನ್ವ್_ಎಸ್ ಇದೆ, ಆ ಫಂಕ್ಷನ್ನಿನ ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಹಾಕಿಕೊಳ್ಳಬೇಕು. ಖಾಲಿ ಬೆಲೆ ಕೊಟ್ಟರೆ ಅಲ್ಲಿ ಹೆಸರೇ ಅಳಿದುಹೋಗುತ್ತದೆ. ಸಿ ಲೈಬ್ರರಿ ತನ್ನದೇ ಪ್ರತಿ ಇಟ್ಟುಕೊಂಡಿರುವುದರಿಂದ, ವಿಂಡೋಸ್‌ನ ಸೆಟ್‌ಎನ್ವಿರಾನ್‌ಮೆಂಟ್‌ವೇರಿಯೆಬಲ್ ಮೂಲಕ ನೀವು ಬದಲಾಯಿಸಿದ್ದು ಗೆಟ್‌ಎನ್ವ್‌ಗೆ ಗೊತ್ತೇ ಆಗುವುದಿಲ್ಲ.

ಲಿನಕ್ಸ್‌ನಲ್ಲಿ ಓಡುತ್ತಿರುವ ಪ್ರೋಗ್ರಾಂನ ಎನ್ವ್ ನೋಡಬೇಕಿದ್ದರೆ ‘ಪ್ರೊಕ್’ ಫೋಲ್ಡರಿನಲ್ಲಿ ಅದರ ಪ್ರೋಸೆಸ್ ನಂಬರಿನೊಳಗೆ ‘ಎನ್ವಿರಾನ್’ ಎಂಬ ಫೈಲ್ ಸಿಗುತ್ತದೆ. ಪಾಸ್‌ವರ್ಡನ್ನು ಎನ್ವ್‌ನಲ್ಲಿ ಇಟ್ಟಿದ್ದರೆ ಅದೂ ಅಲ್ಲಿ ಬಿಚ್ಚಿಟ್ಟಂತೆ ಕಾಣುತ್ತದೆ. ಅಲ್ಲಿರುವುದು ಪ್ರೋಗ್ರಾಂ ಶುರುವಾದಾಗಿನ ಪಟ್ಟಿ. ಆಮೇಲೆ ಸೆಟ್‌ಎನ್ವ್ ಸೇರಿಸಿದ್ದನ್ನು ಅಲ್ಲಿ ಹುಡುಕಬೇಡಿ. ಈಗಿನ ಬೆಲೆ ಬೇಕೆಂದರೆ ಜಿಡಿಬಿ ಡಿಬಗರ್ ಹಚ್ಚಿ, ಪ್ರೋಗ್ರಾಂ ಒಳಗಿನಿಂದಲೇ ಗೆಟ್‌ಎನ್ವ್ ಕರೆಸಿ ನೋಡಿ.