ವೃದ್ಧಾಶ್ರಮದ ಬಾಗಿಲು ಮುಚ್ಚಿದಾಗ

ಸಾಂಕ್ರಾಮಿಕ ರೋಗದ ಕಾಲದಲ್ಲಿ ವೃದ್ಧಾಶ್ರಮದ ಹಿರಿಯರನ್ನು ಸೋಂಕು, ಒಂಟಿತನಗಳೆರಡೂ ಬಾಧಿಸುತ್ತವೆ. ಸೋಂಕಿಗೆ ಅಂಜಿ ಬಾಗಿಲು ಮುಚ್ಚಿದರೆ ಒಂಟಿತನವು ಒಳಗೇ ಬೆಳೆಯುತ್ತದೆ.

ಕೊರೊನಾ ಹರಡಿದಾಗ ನೆದರ್ಲೆಂಡ್ಸ್ ದೇಶವು 2020ರ ಮಾರ್ಚ್ 20ರಿಂದ ವೃದ್ಧರ ಆರೈಕೆ ಕೇಂದ್ರಗಳಿಗೆ ಬಂಧುಗಳ ಪ್ರವೇಶವನ್ನು ನಿಷೇಧಿಸಿತು. ಮೇ 11ರಿಂದ 26 ಕೇಂದ್ರಗಳಲ್ಲಿ, ಪ್ರತಿಯೊಬ್ಬ ನಿವಾಸಿಗೆ ಗೊತ್ತುಪಡಿಸಿದ ಒಬ್ಬರ ಭೇಟಿಗೆ ಮಾತ್ರ ಅವಕಾಶವಿತ್ತು ನೋಡಿತು. ಪರಿಶೀಲನೆಯ ಅವಧಿಯಲ್ಲಿ ಅಲ್ಲಿ ಹೊಸ ಸೋಂಕು ವರದಿಯಾಗಲಿಲ್ಲ. ಬಳಿಕ ಉಳಿದ ಕೇಂದ್ರಗಳನ್ನೂ ಎಚ್ಚರಿಕೆಯಿಂದ ತೆರೆಯಲಾಯಿತು.

ಇದರಿಂದ ನಾವು ಕಲಿಯಬೇಕಾದುದಿದೆ. ಜ್ವರ, ಕೆಮ್ಮು, ನೆಗಡಿ ಇರುವವರು ಭೇಟಿಗೆ ಹೋಗಬಾರದು. ಉಳಿದವರು ಕೈ ತೊಳೆದು, ಮುಖಗವಸು ಧರಿಸಿ, ಗಾಳಿಯಾಡುವ ಜಗಲಿಯಲ್ಲಿ ಅಂತರವಿಟ್ಟು ಕುಳಿತುಕೊಳ್ಳಬೇಕು. ಮುಖಗವಸು ತುಟಿಗಳನ್ನು ಮರೆಮಾಡುವುದರಿಂದ, ಕಿವಿ ಮಂದವಾದವರೊಡನೆ ನಿಧಾನವಾಗಿ, ಬಿಡಿಸಿ ಮಾತನಾಡಬೇಕು. ಹೋಗಲಾಗದವರು ಪ್ರತಿದಿನ ಒಂದೇ ವೇಳೆಗೆ ದೂರವಾಣಿ ಕರೆ ಮಾಡಬೇಕು.

ಇಳಿವಯಸ್ಸಿನಲ್ಲಿ ಸೋಂಕಿದ್ದರೂ ಜ್ವರ ಕಾಣದಿರಬಹುದು. ಊಟ ಬಿಡುವುದು, ಹಠಾತ್ತನೆ ಮಾತು ತಡವರಿಸುವುದು, ಅತಿಯಾದ ಮಂಪರು ಕಂಡುಬಂದರೆ ಕಷಾಯ ಕುಡಿಸಿ ಕಾಯದೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ನಿತ್ಯ ಮಾತನಾಡಿಸುವ ಮಕ್ಕಳು ಈ ಬದಲಾವಣೆಯನ್ನು ದನಿಯಲ್ಲಿಯೇ ಗುರುತಿಸಬಲ್ಲರು. ಆದುದರಿಂದ ಬಂಧುಗಳ ಸಂಪರ್ಕವನ್ನು ನಾವು ಉಪಚಾರವೆಂದಷ್ಟೇ ಅಲ್ಲ, ರಕ್ಷಣೆಯೆಂದೂ ತಿಳಿಯಬೇಕು.