ರೋಧ ತಂತಿಯದು, ರೋಧಶೀಲತೆ ಲೋಹದ್ದು

ಭೌತಶಾಸ್ತ್ರದ ವಿದ್ಯುತ್ ಪ್ರವಾಹದ ಅಧ್ಯಾಯದಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಅದಲು ಬದಲು ಮಾಡುವ ಎರಡು ಪದಗಳು ರೋಧ ಮತ್ತು ರೋಧಶೀಲತೆ. ಪರೀಕ್ಷೆಯಲ್ಲಿ ಇದರಿಂದ ಹೋಗುವುದು ಒಂದೆರಡು ಅಂಕ. ನಮ್ಮ ನೊಣವಿನಕೆರೆ ಸುತ್ತಿನ ತೆಂಗಿನ ತೋಟಗಳಲ್ಲಾದರೆ ಸುಟ್ಟುಹೋಗುವುದು ಮೋಟಾರ್.

ರೋಧ: ಒಂದು ನಿರ್ದಿಷ್ಟ ತಂತಿ ವಿದ್ಯುತ್ ಪ್ರವಾಹಕ್ಕೆ ಒಡ್ಡುವ ತಡೆ. ಏಕಮಾನ ಓಮ್. ತಂತಿ ಉದ್ದವಾದಷ್ಟೂ ರೋಧ ಹೆಚ್ಚುತ್ತದೆ, ದಪ್ಪವಾದಷ್ಟೂ ಕಡಿಮೆಯಾಗುತ್ತದೆ.

ರೋಧಶೀಲತೆ: ತಂತಿಯನ್ನು ಮಾಡಿದ ವಸ್ತುವಿನ ಗುಣ. ಏಕಮಾನ ಓಮ್-ಮೀಟರ್. ಇದರ ಬೆಲೆ ತಾಮ್ರಕ್ಕೆ ಸುಮಾರು 1.7 × 10⁻⁸, ಅಲ್ಯೂಮಿನಿಯಂಗೆ 2.7 × 10⁻⁸, ಇಸ್ತ್ರಿಪೆಟ್ಟಿಗೆಯಲ್ಲಿ ಬಳಸುವ ನೈಕ್ರೋಮ್‌ಗೆ 100 × 10⁻⁸. ತಂತಿ ಗೇಣುದ್ದ ಇರಲಿ, ಮೈಲುದ್ದ ಇರಲಿ, ಈ ಬೆಲೆ ಬದಲಾಗದು. ತಾಪ ಬದಲಾದರೆ ಮಾತ್ರ ಬದಲಾಗುತ್ತದೆ.

ಇವೆರಡರ ಸಂಬಂಧ:

ರೋಧ = ರೋಧಶೀಲತೆ × ಉದ್ದ ÷ ಅಡ್ಡಕೊಯ್ತದ ವಿಸ್ತೀರ್ಣ

ಒಂದು ಲೆಕ್ಕ ನೋಡೋಣ. ಮೀಟರ್ ಬೋರ್ಡಿನಿಂದ ಕೊಳವೆಬಾವಿ 200 ಮೀಟರ್ ದೂರದಲ್ಲಿದೆ ಎನ್ನಿ. ಸಿಂಗಲ್ ಫೇಸ್ ಮೋಟಾರ್ 10 ಆಂಪಿಯರ್ ಎಳೆಯುತ್ತದೆ. ಹೋಗುವ ತಂತಿ, ಬರುವ ತಂತಿ ಸೇರಿ ಒಟ್ಟು ಉದ್ದ 400 ಮೀಟರ್.

1. ತಾಮ್ರ, 4 ಚದರ ಮಿ.ಮೀ.: ರೋಧ 1.7 ಓಮ್. ತಂತಿಯಲ್ಲೇ ನಷ್ಟವಾಗುವುದು 17 ವೋಲ್ಟ್.
2. ಅಲ್ಯೂಮಿನಿಯಂ, 4 ಚದರ ಮಿ.ಮೀ.: ರೋಧ 2.7 ಓಮ್. ನಷ್ಟ 27 ವೋಲ್ಟ್.
3. ತಾಮ್ರ, 2.5 ಚದರ ಮಿ.ಮೀ.: ರೋಧ 2.72 ಓಮ್. ನಷ್ಟ ಸುಮಾರು 27 ವೋಲ್ಟ್.

ಎರಡನೆಯದನ್ನೂ ಮೂರನೆಯದನ್ನೂ ಹೋಲಿಸಿ. ಲೋಹ ಬೇರೆ, ರೋಧಶೀಲತೆ ಬೇರೆ, ಆದರೂ ರೋಧ ಹೆಚ್ಚುಕಡಿಮೆ ಒಂದೇ. ಒಂದನೆಯದೂ ಮೂರನೆಯದೂ ಒಂದೇ ಲೋಹ, ರೋಧಶೀಲತೆಯೂ ಒಂದೇ, ಆದರೆ ರೋಧ ಬೇರೆ. "ತಾಮ್ರದ ತಂತಿ ಹಾಕಿದ್ದೇವೆ, ಚಿಂತೆಯಿಲ್ಲ" ಎನ್ನುವ ಮಾತು ಅರ್ಧ ಮಾತ್ರ ಸರಿ. 230 ವೋಲ್ಟ್ ಬರಬೇಕಾದಲ್ಲಿ ಸುಮಾರು 203 ವೋಲ್ಟ್ ಬಂದರೆ, ಅದೇ ಕೆಲಸಕ್ಕೆ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಬಿಸಿಯಾಗುತ್ತದೆ, ಕೊನೆಗೆ ವೈಂಡಿಂಗ್ ಸುಡಬಹುದು.

ಹಾಗಾದರೆ ಕಂಬದ ಮೇಲಿನ ತಂತಿ ಅಲ್ಯೂಮಿನಿಯಂದೇಕೆ? ರೋಧಶೀಲತೆ ಹೆಚ್ಚಿದ್ದರೂ ಅದರ ಸಾಂದ್ರತೆ ತಾಮ್ರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ, ಬೆಲೆಯೂ ಕಡಿಮೆ. ದಪ್ಪ ತಂತಿ ಹಾಕಿ ರೋಧ ತಗ್ಗಿಸಿದರೂ ಕಂಬಕ್ಕೆ ಭಾರವಾಗದು.

ಉದ್ದವನ್ನೂ ಲೋಹವನ್ನೂ ಬದಲಿಸಲಾಗದಿದ್ದರೆ ಇನ್ನೊಂದು ದಾರಿಯಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 140 ಕಿ.ಮೀ.ಗೂ ಹೆಚ್ಚು ದೂರ ವಿದ್ಯುತ್ ಸಾಗಿಸಿದಾಗ ವೋಲ್ಟೇಜನ್ನು ಬಹಳ ಏರಿಸಲಾಯಿತು. ವೋಲ್ಟೇಜ್ ಏರಿದರೆ ಅಷ್ಟೇ ಶಕ್ತಿಗೆ ಕರೆಂಟ್ ಕಡಿಮೆ ಸಾಕು, ತಂತಿಯಲ್ಲಿನ ನಷ್ಟವೂ ಕಡಿಮೆ.

ಪರೀಕ್ಷೆಗೆ ಮತ್ತೆ ಮತ್ತೆ ಬರುವ ಪ್ರಶ್ನೆ: ಒಂದು ತಂತಿಯನ್ನು ಎರಡರಷ್ಟು ಉದ್ದವಾಗುವಂತೆ ಎಳೆದರೆ ಏನಾಗುತ್ತದೆ? ಗಾತ್ರ ಅಷ್ಟೇ ಇರುವುದರಿಂದ ಅಡ್ಡಕೊಯ್ತ ಅರ್ಧವಾಗುತ್ತದೆ. ರೋಧ ನಾಲ್ಕರಷ್ಟಾಗುತ್ತದೆ, ಎರಡರಷ್ಟಲ್ಲ. ರೋಧಶೀಲತೆ ಇದ್ದಷ್ಟೇ ಇರುತ್ತದೆ.

ಈಗ ನೀವೇ ಮಾಡಿ: ಮೇಲಿನ ತೋಟಕ್ಕೆ ಅಲ್ಯೂಮಿನಿಯಂ ತಂತಿಯಲ್ಲೇ ನಷ್ಟವನ್ನು 17 ವೋಲ್ಟ್‌ಗೆ ಇಳಿಸಲು ಎಷ್ಟು ಚದರ ಮಿ.ಮೀ. ತಂತಿ ಬೇಕು? ಉತ್ತರ 6ಕ್ಕಿಂತ ಸ್ವಲ್ಪ ಹೆಚ್ಚು ಬಂದರೆ ನಿಮ್ಮ ಲೆಕ್ಕ ಸರಿ.